ಸ್ಟೀಕ್, ಬೆಣ್ಣೆ ಮತ್ತು ನೀರಿನ ಲೆಕ್ಕ

ನಾನು ಮೊದಲ ಸಲ ಮಾಡಿದ ಸ್ಟೀಕ್ ಹುರಿಯಲೇ ಇಲ್ಲ, ಬೆಂದುಹೋಯಿತು. ಫ್ರಿಜ್‌ನಿಂದ ಬೀಫ್ ತುಂಡು ತೆಗೆದು, ನಲ್ಲಿಯ ಕೆಳಗೆ ತೊಳೆದು, ಉಪ್ಪು ಮೆಣಸು ಹಚ್ಚಿ ಹತ್ತು ನಿಮಿಷ ಬಿಟ್ಟು ಬಾಣಲೆಗೆ ಹಾಕಿದ್ದೆ. ಚುಂಯ್ ಅಂತ ಸದ್ದು ಬಂತು. ಒಂದು ನಿಮಿಷ ಆಗುವಷ್ಟರಲ್ಲಿ ಆ ಸದ್ದು ಅಡಗಿ ಗುಳುಗುಳು ಅನ್ನತೊಡಗಿತು. ಬಾಣಲೆ ತುಂಬ ತಿಳಿ ಕಂದು ನೀರು. ಮಾಂಸದ ಮೇಲೆ ಬೂದು ಬಣ್ಣ, ಕೊಯ್ದು ನೋಡಿದರೆ ಒಳಗೂ ಬೂದು. ಬಣ್ಣ ಬರಲಿ ಅಂತ ಇನ್ನೂ ಸ್ವಲ್ಪ ಹೊತ್ತು ಬಿಟ್ಟೆ. ತೊಗಲಿನಂತಾಯಿತು.

ಅವತ್ತು ಕೆಲಸ ಕೆಡಿಸಿದ್ದು ನೀರು. ಅದು ಅರ್ಥವಾದ ಮೇಲೆಯೇ ನನ್ನ ಕೈ ಸುಧಾರಿಸಿದ್ದು.

ನೀರು 100 ಡಿಗ್ರಿ ಸೆಲ್ಸಿಯಸ್‌ಗೆ ಕುದಿಯುತ್ತದೆ. ಮಾಂಸದ ಮೈಯಲ್ಲಿ ತೇವ ಇರುವಷ್ಟು ಹೊತ್ತು, ಕೆಳಗೆ ಎಷ್ಟೇ ಉರಿ ಇರಲಿ, ಆ ಮೈ 100 ಡಿಗ್ರಿ ದಾಟುವುದಿಲ್ಲ. ಬಾಣಲೆಯ ಕಾವೆಲ್ಲ ನೀರನ್ನು ಆವಿ ಮಾಡುವುದಕ್ಕೇ ಖರ್ಚಾಗುತ್ತದೆ. ನಮಗೆ ಬೇಕಾದ ಕಂದು ಬಣ್ಣ ಮತ್ತು ಹುರಿದ ಪರಿಮಳ ಚುರುಕಾಗಿ ಬರುವುದು ಸುಮಾರು 140 ಡಿಗ್ರಿಯ ಮೇಲೆ. ಆ ಕಾವಿನಲ್ಲಿ ಮಾಂಸದ ಅಮೈನೋ ಆಮ್ಲಗಳೂ ಸಕ್ಕರೆಗಳೂ ಸೇರಿ ನೂರಾರು ಹೊಸ ರುಚಿ, ವಾಸನೆಗಳನ್ನು ಹುಟ್ಟಿಸುತ್ತವೆ. 1912ರಲ್ಲಿ ಇದನ್ನು ಮೊದಲು ವಿವರಿಸಿದವರು ಫ್ರಾನ್ಸಿನ ವಿಜ್ಞಾನಿ ಲೂಯಿ ಕಮೀಲ್ ಮೇಯಾರ್. ಅದಕ್ಕೇ ಮೇಯಾರ್ ಕ್ರಿಯೆ ಅನ್ನುವ ಹೆಸರು. ಬ್ರೆಡ್ಡಿನ ಹೊರಪದರಕ್ಕೆ, ಹುರಿದ ಕಾಫಿ ಬೀಜಕ್ಕೆ ಆ ಘಮ ಬರುವುದೂ ಇದರಿಂದಲೇ.

ಜೋರು ಉರಿಯಲ್ಲಿ ಹುರಿದರೆ ಮಾಂಸದ ರಸ ಒಳಗೇ ಬಂದ್ ಆಗುತ್ತದೆ ಅಂತ ತುಂಬಾ ಜನ ಈಗಲೂ ಹೇಳುತ್ತಾರೆ. 19ನೇ ಶತಮಾನದಲ್ಲಿ ಜರ್ಮನಿಯ ರಸಾಯನ ವಿಜ್ಞಾನಿ ಯುಸ್ಟುಸ್ ಫಾನ್ ಲೀಬಿಗ್ ಅವರಿಂದ ಹಬ್ಬಿದ ನಂಬಿಕೆ ಇದು. ತೂಕ ಮಾಡಿ ನೋಡಿದವರು ಇದು ನಿಜವಲ್ಲ ಅಂತ ಎಷ್ಟೋ ಹಿಂದೆಯೇ ತೋರಿಸಿದ್ದಾರೆ. ಹುರಿದ ಸ್ಟೀಕನ್ನು ತಟ್ಟೆಯಲ್ಲಿಟ್ಟರೆ ರಸ ಇಳಿಯುವುದು ಕಣ್ಣಿಗೇ ಕಾಣುತ್ತದಲ್ವಾ? ನಾವು ಹುರಿಯುವುದು ರುಚಿಗೆ. ರಸ ಉಳಿಯಬೇಕಾದರೆ ಒಳಗಿನ ಕಾವು ಹದ ಮೀರಬಾರದು. ಇವೆರಡನ್ನೂ ಬೇರೆ ಬೇರೆಯಾಗಿ ಗಮನಿಸಬೇಕು.

ಮಾಂಸ ಆರಿಸುವಾಗ ನಾನು ಮೊದಲು ನೋಡುವುದು ದಪ್ಪ. ಮೂರೂವರೆಯಿಂದ ನಾಲ್ಕು ಸೆಂಟಿಮೀಟರ್ ಇರಲೇಬೇಕು. ತೆಳುವಾದ ತುಂಡಿನಲ್ಲಿ ಹೊರಗೆ ಬಣ್ಣ ಬರುವಷ್ಟರಲ್ಲಿ ಒಳಗೆ ಪೂರ್ತಿ ಬೆಂದಿರುತ್ತದೆ. ಇಬ್ಬರಿಗೆ ಎರಡು ತೆಳು ತುಂಡು ತರುವ ಬದಲು ಒಂದು ದಪ್ಪ ತುಂಡು ತಂದು, ಹುರಿದ ಮೇಲೆ ಹಂಚಿಕೊಳ್ಳುವುದು ಎಷ್ಟೋ ಮೇಲು. ನನಗೆ ಇಷ್ಟ ರಿಬ್‌ಐ, ಅಂದರೆ ಪಕ್ಕೆಲುಬಿನ ಭಾಗದ ತುಂಡು. ಮಾಂಸದ ಒಳಗೆಲ್ಲ ಕೊಬ್ಬಿನ ಬಿಳಿ ಗೆರೆಗಳು ಹರಡಿಕೊಂಡಿರುತ್ತವೆ, ಹಾಗಾಗಿ ಚೂರು ಹೆಚ್ಚು ಬೆಂದರೂ ಒಣಗುವುದಿಲ್ಲ. ಬೆನ್ನುಮೂಳೆಯ ಒಳಬದಿಯ ತುಂಡಾದ ಟೆಂಡರ್‌ಲಾಯಿನ್ ಮೆತ್ತಗಿರುತ್ತದೆ ನಿಜ, ಆದರೆ ಅದರ ರುಚಿ ಸಪ್ಪೆ.

ಇನ್ನು ಉಪ್ಪು. ನಾನು ಹೆಚ್ಚು ಕಲಿತದ್ದು ಇಲ್ಲೇ. ಉಪ್ಪು ಹಚ್ಚಿದ ಕೂಡಲೇ ಅದು ಮಾಂಸದ ಒಳಗಿನ ನೀರನ್ನು ಹೊರಗೆ ಎಳೆಯುತ್ತದೆ. ಐದು, ಹತ್ತು ನಿಮಿಷದಲ್ಲಿ ಮೇಲೆಲ್ಲ ಹನಿ ಹನಿ ನಿಲ್ಲುತ್ತದೆ. ಮೊದಲ ಸಲ ನಾನು ಬಾಣಲೆಗೆ ಹಾಕಿದ್ದು ಸರಿಯಾಗಿ ಆ ಹೊತ್ತಿಗೆ. ಅದಕ್ಕಿಂತ ಕೆಟ್ಟ ಹೊತ್ತು ಇನ್ನೊಂದಿಲ್ಲ. ಹಾಗೇ ಬಿಟ್ಟಿದ್ದರೆ ಉಪ್ಪು ಆ ನೀರಿನಲ್ಲೇ ಕರಗಿ, ಸುಮಾರು 40 ನಿಮಿಷ ಕಳೆಯುವಷ್ಟರಲ್ಲಿ ನಿಧಾನಕ್ಕೆ ಮಾಂಸದೊಳಗೆ ಇಳಿಯುತ್ತಿತ್ತು. ಈಗ ನಾನು ಹಿಂದಿನ ರಾತ್ರಿಯೇ ಉಪ್ಪು ಹಚ್ಚುತ್ತೇನೆ. 400 ಗ್ರಾಂ ಮಾಂಸಕ್ಕೆ 4 ಗ್ರಾಂ ಉಪ್ಪು. ತಟ್ಟೆಯ ಮೇಲೆ ಜಾಲರಿ ಇಟ್ಟು, ಅದರ ಮೇಲೆ ಮಾಂಸ ಇಟ್ಟು, ಏನೂ ಮುಚ್ಚದೆ ಫ್ರಿಜ್‌ನ ಕೆಳಗಿನ ಅಂತಸ್ತಿನಲ್ಲಿ ಬಿಡುತ್ತೇನೆ. ಫ್ರಿಜ್‌ನ ಒಣ ಗಾಳಿ ರಾತ್ರಿಯೆಲ್ಲ ಕೆಲಸ ಮಾಡುತ್ತದೆ. ಬೆಳಿಗ್ಗೆ ಮುಟ್ಟಿ ನೋಡಿದರೆ ಮೇಲ್ಮೈ ಕಾಗದದ ಹಾಗೆ ಒಣಗಿರುತ್ತದೆ. ಬಣ್ಣ ಚೂರು ಕಪ್ಪಾಗಿರುತ್ತದೆ, ಹೆದರಬೇಡಿ. ಪುರುಸೊತ್ತು ಇಲ್ಲದಿದ್ದರೆ ಬಾಣಲೆಗೆ ಹಾಕುವ ಕ್ಷಣದಲ್ಲೇ ಉಪ್ಪು ಹಾಕಿ, ಮಧ್ಯದ ಹೊತ್ತಿನಲ್ಲಿ ಮಾತ್ರ ಬೇಡ. ಮಾಂಸ ತೊಳೆಯುವುದನ್ನೂ ನಾನು ಬಿಟ್ಟೆ. ತೊಳೆದರೆ ಕ್ರಿಮಿಗಳು ಸಿಂಕಿನ ಸುತ್ತ ಸಿಡಿಯುತ್ತವೆ ಅಷ್ಟೇ, ಅವು ಸಾಯುವುದು ಬಾಣಲೆಯ ಬಿಸಿಗೆ.

ಫ್ರಿಜ್‌ನಿಂದ ತೆಗೆದು ಅರ್ಧ ಗಂಟೆ ಹೊರಗಿಡಬೇಕು ಅನ್ನುತ್ತಾರೆ. ನಾನೂ ಇಡುತ್ತಿದ್ದೆ. ಒಂದು ದಿನ ಥರ್ಮಾಮೀಟರ್ ಚುಚ್ಚಿ ನೋಡಿದೆ, ಒಳಗೆ ಎರಡು ಡಿಗ್ರಿಯೂ ಏರಿರಲಿಲ್ಲ. ಅಂದಿನಿಂದ ನೇರವಾಗಿ ಫ್ರಿಜ್‌ನಿಂದ ಬಾಣಲೆಗೆ.

ಬಾಣಲೆ ನನ್ನದು ಕಾಸ್ಟ್ ಐರನ್. ಈ ಕಬ್ಬಿಣದಲ್ಲಿ ಬಿಸಿ ನಿಧಾನಕ್ಕೆ ಹರಡುತ್ತದೆ, ಆದರೆ ಒಮ್ಮೆ ಕಾದರೆ ಕಾವನ್ನು ಬಿಡುವುದಿಲ್ಲ. ತಣ್ಣನೆಯ ಮಾಂಸ ಬಿದ್ದಾಗ ಕಾವು ಕುಸಿಯಬಾರದು, ಅದಕ್ಕೇ ಈ ಭಾರ ಬೇಕು. ಜೋರು ಉರಿಯಲ್ಲಿ ದಿಢೀರ್ ಕಾಯಿಸಿದರೆ ನಡುವೆ ಮಾತ್ರ ಸುಡುತ್ತದೆ. ಮಧ್ಯಮ ಉರಿಯಲ್ಲಿ ಏಳೆಂಟು ನಿಮಿಷ ಬಿಡಿ. ದಪ್ಪ ತಳದ ಸ್ಟೀಲ್ ಬಾಣಲೆಯೂ ಆಗುತ್ತದೆ. ನಾನ್‌ಸ್ಟಿಕ್ ಬೇಡ. ಇಷ್ಟು ಕಾವಿಗೆ ಅದರ ಲೇಪ ಹಾಳಾಗುತ್ತದೆ.

ಮೊದಲಿಗೆ ಎಣ್ಣೆ, ಬೆಣ್ಣೆ ಆಮೇಲೆ. ಇದನ್ನೂ ತಪ್ಪು ಮಾಡಿಯೇ ಕಲಿತೆ. ಎರಡನೇ ಸಲ ಶುರುವಿನಲ್ಲೇ ಬೆಣ್ಣೆ ಹಾಕಿದ್ದೆ, ಮಾಂಸಕ್ಕೆ ಬಣ್ಣ ಬರುವ ಮೊದಲೇ ಬೆಣ್ಣೆ ಕಪ್ಪಾಗಿ ಕಹಿಯಾಯಿತು. ಬೆಣ್ಣೆಯಲ್ಲಿ ಸುಮಾರು ಶೇಕಡ 80 ಕೊಬ್ಬು, 16ರಿಂದ 18 ನೀರು. ಉಳಿದ ಚೂರು ಹಾಲಿನ ಅಂಶ. ಸೀಯುವುದು ಆ ಹಾಲಿನ ಅಂಶ. ಹಾಗಾಗಿ ಹುರಿಯಲು ಹೆಚ್ಚು ಕಾವು ತಡೆಯುವ, ವಾಸನೆ ಇಲ್ಲದ ರಿಫೈನ್ಡ್ ಎಣ್ಣೆ ಒಂದು ಚಮಚ ಸಾಕು.

ಎಣ್ಣೆಯಿಂದ ಸಣ್ಣಗೆ ಹೊಗೆ ಎದ್ದಾಗ ಮಾಂಸ ಹಾಕುತ್ತೇನೆ, ನನ್ನಿಂದ ಆಚೆಗೆ ಬೀಳುವ ಹಾಗೆ. ಕಿಟಕಿ ಮೊದಲೇ ತೆರೆದಿಟ್ಟಿರಬೇಕು. ಹಾಕಿದ ಕೂಡಲೇ ಇಕ್ಕಳದಿಂದ ಮೆಲ್ಲಗೆ ಒತ್ತಿ, ಮಾಂಸದ ಮೈಯೆಲ್ಲ ಬಾಣಲೆಗೆ ತಾಗಬೇಕು. ಈಗ ಸದ್ದು ಕೇಳಿಸಿಕೊಳ್ಳಿ. ಒಣ ಮಾಂಸದ ಸದ್ದೇ ಬೇರೆ. ಚುರುಚುರು ಅಂತ ಗಟ್ಟಿಯಾಗಿ, ಒಂದೇ ಸಮನೆ ಬರುತ್ತದೆ. ಗುಳುಗುಳು ಅಂದರೆ ನೀರು ಬಿಟ್ಟಿದೆ ಅಂತಲೇ ಅರ್ಥ.

ಒಂದೇ ಸಲ ಮಗುಚಬೇಕು ಅನ್ನುವ ಕಟ್ಟುಪಾಡನ್ನು ನಾನು ಪಾಲಿಸುವುದಿಲ್ಲ. ಮೊದಲ ಒಂದೂವರೆ ನಿಮಿಷ ಮುಟ್ಟದೆ ಬಿಡುತ್ತೇನೆ, ಆಮೇಲೆ ಅರ್ಧರ್ಧ ನಿಮಿಷಕ್ಕೆ ಮಗುಚುತ್ತಾ ಹೋಗುತ್ತೇನೆ. ಹೀಗೆ ಮಾಡಿದರೆ ಬೇಗ ಬೇಯುತ್ತದೆ, ಒಳಗೆ ಹೊರಅಂಚಿನ ಬೂದು ಪಟ್ಟಿಯೂ ತೆಳ್ಳಗಾಗುತ್ತದೆ. ಒಂದು ಬದಿ ಬೇಯುವಾಗ ಇನ್ನೊಂದು ಬದಿ ತುಸು ತಣಿಯುತ್ತದೆ, ಹಾಗಾಗಿ ಯಾವ ಬದಿಯೂ ಅತಿಯಾಗಿ ಬೇಯುವುದಿಲ್ಲ. ನಡುವೆ ಇಕ್ಕಳದಲ್ಲಿ ಎತ್ತಿ ಹಿಡಿದು, ಅಂಚಿನ ಕೊಬ್ಬನ್ನು ಬಾಣಲೆಗೆ ತಾಗಿಸಿ ಒಂದು ನಿಮಿಷ ಕರಗಿಸಬೇಕು. ಇದನ್ನು ಮಾತ್ರ ಬಿಡಬೇಡಿ, ಕರಗದ ಕೊಬ್ಬು ಬಾಯಲ್ಲಿ ರಬ್ಬರಿನ ಹಾಗೆ ಸಿಗುತ್ತದೆ.

ಒಳಗೆ 40 ಡಿಗ್ರಿ ಬಂದಾಗ ಬೆಣ್ಣೆಯ ಸರದಿ. ಉರಿ ತಗ್ಗಿಸಿ 40 ಗ್ರಾಂ ಬೆಣ್ಣೆ, ಸಿಪ್ಪೆ ಸಮೇತ ಜಜ್ಜಿದ ನಾಲ್ಕು ಎಸಳು ಬೆಳ್ಳುಳ್ಳಿ, ಮೂರ್ನಾಲ್ಕು ಕಡ್ಡಿ ಥೈಮ್ ಅನ್ನುವ ಪರಿಮಳದ ಸೊಪ್ಪು ಹಾಕುತ್ತೇನೆ. ಸಿಪ್ಪೆ ಇದ್ದರೆ ಬೆಳ್ಳುಳ್ಳಿ ಬೇಗ ಸೀಯುವುದಿಲ್ಲ. ಬೆಣ್ಣೆ ನೊರೆನೊರೆಯಾಗಿ ಏಳುತ್ತದೆ. ಆ ನೊರೆ ಅದರಲ್ಲಿರುವ ನೀರು ಆವಿಯಾಗುವುದರಿಂದ ಬರುತ್ತದೆ. ಬಾಣಲೆಯನ್ನು ನನ್ನ ಕಡೆಗೆ ಓರೆ ಮಾಡಿ, ಚಮಚದಲ್ಲಿ ಆ ನೊರೆ ಬೆಣ್ಣೆಯನ್ನು ಮೊಗೆದು ಮೊಗೆದು ಮಾಂಸದ ಮೇಲೆ ಸುರಿಯುತ್ತೇನೆ. ನೊರೆ ಇಳಿಯುತ್ತಾ ಬಂದ ಹಾಗೆ ಹುರಿದ ಬಾದಾಮಿಯಂಥ ವಾಸನೆ ಏಳುತ್ತದೆ. ಈ ಒಂದು ನಿಮಿಷಕ್ಕಾಗಿಯೇ ನಾನು ಸ್ಟೀಕ್ ಮಾಡುವುದು ಅಂದರೂ ಸರಿ. ಅಡುಗೆಮನೆಯಲ್ಲಿ ಬೆಳ್ಳುಳ್ಳಿ, ಬೆಣ್ಣೆ, ಮಾಂಸ ಮೂರರ ಘಮವೂ ಒಂದಾಗಿರುತ್ತದೆ. ಮೆಣಸಿನಪುಡಿ ಹಾಕಬೇಡಿ, ಕಾಳುಮೆಣಸನ್ನೂ ಈಗಲ್ಲ, ಕೊನೆಗೆ ಹಾಕಿ. ಮೊದಲೇ ಹಾಕಿದರೆ ಸೀದು ಕಹಿಯಾಗುತ್ತದೆ.

ಹದ ತಿಳಿಯಲು ಬೆರಳಿನಿಂದ ಒತ್ತಿ ನೋಡುವ ಉಪಾಯವನ್ನು ತುಂಬಾ ದಿನ ನಂಬಿದ್ದೆ. ಒಂದೊಂದು ತುಂಡು ಒಂದೊಂದು ಥರ ಇರುತ್ತದೆ, ಆ ಲೆಕ್ಕ ಪ್ರತಿ ಸಲ ತಪ್ಪುತ್ತಿತ್ತು. ಥರ್ಮಾಮೀಟರನ್ನು ಪಕ್ಕದಿಂದ ನಡುವಿನವರೆಗೆ ಚುಚ್ಚಿ ನೋಡುವುದೇ ಸರಿ. ನಡುವೆ ಇನ್ನೂ ಕೆಂಪಗಿರುವ ಹದ, ಮೀಡಿಯಂ ರೇರ್, ಅಂದರೆ 54ರಿಂದ 57 ಡಿಗ್ರಿ, ನಡುವೆ ತಿಳಿ ಗುಲಾಬಿಯಾಗಿರುವ ಮೀಡಿಯಂ ಅಂದರೆ 60ರಿಂದ 63. ಒಲೆಯಿಂದ ಇಳಿಸಿದ ಮೇಲೂ ಒಳಗಿನ ಕಾವು ಮೂರರಿಂದ ಐದು ಡಿಗ್ರಿ ಏರುತ್ತದೆ. ಹಾಗಾಗಿ ನಾನು 51ಕ್ಕೇ ಇಳಿಸುತ್ತೇನೆ. ಅಮೆರಿಕದ ಕೃಷಿ ಇಲಾಖೆ ಹೇಳುವುದು 63 ಡಿಗ್ರಿ, ಆಮೇಲೆ ಮೂರು ನಿಮಿಷ ಬಿಡಬೇಕು ಅಂತ. ಗರ್ಭಿಣಿಯರು, ಪುಟ್ಟ ಮಕ್ಕಳು, ವಯಸ್ಸಾದವರು ಇದ್ದರೆ ನಾನೂ ಅಷ್ಟಕ್ಕೆ ಬೇಯಿಸುತ್ತೇನೆ. ತಟ್ಟೆಗೆ ಇಳಿಯುವ ಕೆಂಪು ರಸವನ್ನು ರಕ್ತ ಅಂದುಕೊಂಡು ಬೇಸರಪಡುವವರಿದ್ದಾರೆ. ಅದು ನೀರು, ಜೊತೆಗೆ ಮಯೋಗ್ಲೋಬಿನ್ ಅನ್ನುವ ಸ್ನಾಯುವಿನ ಕೆಂಪು ಪ್ರೋಟೀನ್.

ಮಾಂಸವನ್ನು ಜಾಲರಿಯ ಮೇಲೆ ಏಳೆಂಟು ನಿಮಿಷ ಬಿಡುತ್ತೇನೆ, ಕೆಳಗೆ ತಟ್ಟೆ. ಸಾಸ್ ಆಗುವುದು ಈ ಹೊತ್ತಿನಲ್ಲಿ.

ಇಷ್ಟು ಹೊತ್ತು ಓಡಿಸಿದ ನೀರನ್ನು ಇಲ್ಲಿ ನಾವೇ ಕರೆದು ತರಬೇಕು. ಬಾಣಲೆಯ ಬೆಣ್ಣೆ ಬಗ್ಗಿಸಿ, ತಳಕ್ಕೆ ಅಂಟಿದ ಕಂದು ಪದರ ಉಳಿಸಿಕೊಳ್ಳಿ. ಅದು ಕಪ್ಪಾಗಿದ್ದರೆ ಮಾತ್ರ ಒರೆಸಿಬಿಡಿ, ಆ ಕಹಿ ಯಾವುದರಿಂದಲೂ ಹೋಗುವುದಿಲ್ಲ. ಸಣ್ಣಗೆ ಹೆಚ್ಚಿದ ಚಿಕ್ಕ ಈರುಳ್ಳಿ ಒಂದು ನಿಮಿಷ ಬಾಡಿಸಿ, 100 ಮಿಲಿ ಉಪ್ಪಿಲ್ಲದ ಸ್ಟಾಕ್ (ಮೂಳೆ ಅಥವಾ ತರಕಾರಿ ಕುದಿಸಿ ಸೋಸಿದ ನೀರು) ಹಾಕಿ ಮರದ ಸೌಟಿನಿಂದ ತಳ ಕೆರೆಯುತ್ತೇನೆ. ಆ ಕಂದು ಪದರವೆಲ್ಲ ಕರಗಿ ಬರುತ್ತದೆ. ಉಪ್ಪಿರುವ ಸ್ಟಾಕ್ ಹಾಕಿದ್ದ ದಿನ, ಅದು ಬತ್ತಿದ ಮೇಲೆ ಸಾಸ್ ಬಾಯಿಗಿಡಲು ಆಗಲಿಲ್ಲ. ಎರಡು ದೊಡ್ಡ ಚಮಚದಷ್ಟು ಉಳಿಯುವವರೆಗೆ ಕುದಿಸಿ, ಒಲೆ ಆರಿಸಿ. ಅರ್ಧ ಟೀ ಚಮಚ ಸಾಸಿವೆ ಪೇಸ್ಟ್ ಕದಡಿ. ಈಗ ಫ್ರಿಜ್‌ನಿಂದ ಆಗಷ್ಟೇ ತೆಗೆದ ಬೆಣ್ಣೆ, 30 ಗ್ರಾಂ, ಸಣ್ಣ ತುಂಡುಗಳು. ಎರಡೆರಡೇ ತುಂಡು ಹಾಕಿ ಬಾಣಲೆಯನ್ನು ಸುತ್ತಿಸುತ್ತಾ ಇರಬೇಕು. ಒಂದು ಕರಗುವಷ್ಟರಲ್ಲಿ ಇನ್ನೊಂದು. ಬೆಣ್ಣೆಯ ಕೊಬ್ಬು ಕಣ್ಣಿಗೆ ಕಾಣದ ಹನಿಗಳಾಗಿ ಆ ನೀರಿನಲ್ಲಿ ಹರಡಿಕೊಂಡು, ಸಾಸ್ ಹೊಳೆಯುತ್ತಾ ದಪ್ಪಗಾಗುತ್ತದೆ. ಚಮಚದ ಬೆನ್ನಿಗೆ ಅಂಟಿ ನಿಲ್ಲಬೇಕು.

ಒಂದು ಸಲ ನಾಲ್ಕು ಜನ ಊಟಕ್ಕೆ ಕೂತಿದ್ದಾಗ ಸಾಸ್ ಒಡೆಯಿತು. ತಣ್ಣಗಾಗುತ್ತಿದೆ ಅಂತ ಮತ್ತೆ ಒಲೆ ಹಚ್ಚಿದ್ದೆ, ಕುದಿ ಬಂತು. ಎಣ್ಣೆ ಬೇರೆ, ಕಂದು ನೀರು ಬೇರೆಯಾಗಿ ನಿಂತಿತು. ಇನ್ನಷ್ಟು ಬೆಣ್ಣೆ ಹಾಕಿದೆ, ಇನ್ನೂ ಕೆಟ್ಟಿತು. ನೀರು ಬತ್ತಿಹೋದರೆ ಕೊಬ್ಬಿನ ಹನಿಗಳಿಗೆ ನಿಲ್ಲಲು ಜಾಗ ಇರುವುದಿಲ್ಲ, ಒಂದಕ್ಕೊಂದು ಸೇರಿ ತೇಲುತ್ತವೆ. ಅದು ತಿಳಿದಿದ್ದರೆ ಉಪಾಯ ಸುಲಭವಿತ್ತು. ಒಲೆ ಆರಿಸಿ, ಒಂದು ಚಮಚ ತಣ್ಣೀರು ಹಾಕಿ ಜೋರಾಗಿ ಕಲಕಿದರೆ ಮತ್ತೆ ಕೂಡಿಕೊಳ್ಳುತ್ತದೆ. ಆಮೇಲೆ ಎರಡು ಸಲ ಹಾಗೇ ಉಳಿಸಿಕೊಂಡಿದ್ದೇನೆ. ಮನೆಯಲ್ಲೇ ಮೂಳೆ ಕುದಿಸಿ ಮಾಡಿದ ಸ್ಟಾಕ್ ಆದರೆ ಅದರ ಜೆಲಾಟಿನ್‌ನಿಂದ ಸಾಸ್ ಅಷ್ಟು ಸುಲಭಕ್ಕೆ ಒಡೆಯುವುದಿಲ್ಲ.

ಕೊನೆಗೆ ಸಣ್ಣಗೆ ಹೆಚ್ಚಿದ ಪಾರ್ಸ್ಲಿ ಸೊಪ್ಪು, ಕಾಳುಮೆಣಸಿನ ಪುಡಿ, ನಾಲ್ಕೈದು ಹನಿ ನಿಂಬೆ ರಸ. ನಿಂಬೆ ಮರೆತರೆ ಬರೀ ಜಿಡ್ಡು ಅನ್ನಿಸುತ್ತದೆ. ಸಾಸ್ ಮಾಡುವಷ್ಟು ತಾಳ್ಮೆ ಇಲ್ಲದ ದಿನಕ್ಕೆ ಬೇರೆ ದಾರಿ ಇದೆ. ಮೆತ್ತಗಾದ ಬೆಣ್ಣೆಗೆ ಪಾರ್ಸ್ಲಿ, ನಿಂಬೆ ರಸ, ಉಪ್ಪು ಕಲಸಿ, ಕೊಳವೆಯಂತೆ ಸುತ್ತಿ ಫ್ರೀಜರ್‌ನಲ್ಲಿಡಿ. ಫ್ರೆಂಚರ ಮೇತ್ರ್ ದೊತೆಲ್ ಬೆಣ್ಣೆ ಇದೇ. ಒಂದು ಬಿಲ್ಲೆ ಕತ್ತರಿಸಿ ಬಿಸಿ ಸ್ಟೀಕಿನ ಮೇಲಿಟ್ಟರೆ ತಾನೇ ಕರಗುತ್ತದೆ.

ಮಾಂಸದ ಎಳೆಗಳು ಯಾವ ದಿಕ್ಕಿಗೆ ಓಡುತ್ತವೆ ನೋಡಿ, ಅದಕ್ಕೆ ಅಡ್ಡವಾಗಿ ಕೊಯ್ಯಬೇಕು. ಉದ್ದಕ್ಕೆ ಕೊಯ್ದರೆ ಅಗಿಯುವ ಕೆಲಸ ಹಲ್ಲಿಗೆ ಬೀಳುತ್ತದೆ. ಜಾಲರಿಯ ಕೆಳಗಿನ ತಟ್ಟೆಯಲ್ಲಿ ಇಳಿದಿರುವ ರಸವನ್ನು ಚೆಲ್ಲಬೇಡಿ, ಸಾಸಿಗೆ ಬೆರೆಸಿ. ಈ ಸಾಸನ್ನು ನಾನು ಸ್ಟೀಕಿನ ಮೇಲೆ ಸುರಿಯುವುದಿಲ್ಲ. ಒಂದು ರಾತ್ರಿ ಒಣಗಿಸಿ ಪಡೆದ ಗರಿಗರಿ ಪದರ ಎರಡೇ ನಿಮಿಷದಲ್ಲಿ ಮೆತ್ತಗಾಗಿಬಿಡುತ್ತದೆ. ಸಾಸನ್ನು ತಟ್ಟೆಗೆ ಹರಡಿ, ಕೊಯ್ದ ತುಂಡುಗಳನ್ನು ಹುರಿದ ಪದರ ಮೇಲೆ ಬರುವಂತೆ ಅದರೊಳಗೆ ಜೋಡಿಸುತ್ತೇನೆ.