ಕೌದಿ ಉಬ್ಬದಂತೆ ಹೊಲಿಯಲು ನಾನು ಕಲಿತದ್ದು

ಕೌದಿ ಅಂದರೆ ಹಳೆ ಬಟ್ಟೆಗಳನ್ನು ಪದರ ಪದರವಾಗಿ ಹಾಸಿ ಕೈಯಿಂದ ಹೊಲಿದ ಹೊದಿಕೆ. ನಾನು ಮೊದಲ ಸಲ ಹೊಲಿದ ಕೌದಿ ನಡುವೆ ಉಬ್ಬಿಕೊಂಡಿತ್ತು. ಅವ್ವನ ಎರಡು ಹಳೆ ಸೀರೆ, ಅಪ್ಪನ ಒಂದು ಧೋತರ. ಮೊದಲು ನಾಲ್ಕೂ ಅಂಚಿಗೆ ಮಷಿನ್ ಹೊಲಿಗೆ ಹಾಕಿಬಿಟ್ಟೆ, ಆಮೇಲೆ ಒಳಗೆ ಕೈಹೊಲಿಗೆ ಶುರು ಮಾಡಿದೆ. ಹೊಲಿಯುತ್ತಾ ಹೋದ ಹಾಗೆ ಮೇಲಿನ ಬಟ್ಟೆ ಸ್ವಲ್ಪ ಸ್ವಲ್ಪ ಸರಿಯಿತು. ಅಂಚು ಮುಚ್ಚಿದ್ದರಿಂದ ಅದಕ್ಕೆ ಹೊರಗೆ ಹೋಗಲು ದಾರಿ ಇರಲಿಲ್ಲ. ಎಲ್ಲಾ ಬಂದು ಮಧ್ಯದಲ್ಲಿ ಸೇರಿಕೊಂಡಿತು. ಅರ್ಧ ಬಿಚ್ಚಿ ಮತ್ತೆ ಹೊಲಿಯಬೇಕಾಯಿತು. ಆಮೇಲೆ ಏಳು ಕೌದಿ ಹೊಲಿದಿದ್ದೇನೆ. ಒಂದೂ ಉಬ್ಬಿಲ್ಲ.

ಬಟ್ಟೆಯಿಂದಲೇ ಶುರು ಮಾಡುತ್ತೇನೆ. ಅರ್ಧ ಕೆಲಸ ಕೆಡುವುದೂ ಉಳಿಯುವುದೂ ಅಲ್ಲಿಯೇ. ನಮ್ಮದು ಧಾರವಾಡದ ಕಡೆ. ಅವ್ವ ಒಂದೇ ಮಾತು ಹೇಳುತ್ತಿದ್ದಳು: “ಹೊಸಾ ಅರಿವಿ ಹಾಕಬ್ಯಾಡವ್ವ, ಅದು ಮೈಗೆ ಹತ್ತಂಗಿಲ್ಲ.” ಆ ಮಾತಿನ ಅರ್ಥ ನನಗೆ ಹೊಲಿಯುವಾಗ ಗೊತ್ತಾಯಿತು. ಹೊಸ ಬಟ್ಟೆಯಲ್ಲಿ ಗಂಜಿ ಇರುತ್ತದೆ, ಸೂಜಿ ಸಲೀಸಾಗಿ ಇಳಿಯುವುದಿಲ್ಲ. ಅದು ತೊಳೆದ ಮೇಲೆ ಕುಗ್ಗುತ್ತದೆ, ಪಕ್ಕದ ಹಳೆ ತುಂಡು ಕುಗ್ಗುವುದಿಲ್ಲ. ಆಗ ಸುಕ್ಕು ಬೀಳುತ್ತದೆ. ಹತ್ತು ವರ್ಷ ಉಟ್ಟು ಒಗೆದ ಹತ್ತಿ ಸೀರೆ ಕುಗ್ಗುವಷ್ಟು ಕುಗ್ಗಿ ಮುಗಿದಿರುತ್ತದೆ. ಹೊಸದೇ ಹಾಕಬೇಕು ಅಂದರೆ ಎರಡು ಮೂರು ಸಲ ಬಿಸಿ ನೀರಿನಲ್ಲಿ ಒಗೆದು ಹಾಕಿ. ಜಾರ್ಜೆಟ್, ನೈಲಾನ್ ಬೇಡವೇ ಬೇಡ. ಅವು ಜಾರುತ್ತವೆ, ಬೆವರನ್ನೂ ಹೀರುವುದಿಲ್ಲ.

ಕೆಂಪು, ಕಪ್ಪು, ಗಾಢ ನೀಲಿ ತುಂಡುಗಳನ್ನು ಮೊದಲು ಪರೀಕ್ಷೆ ಮಾಡಿ. ಒದ್ದೆ ಬಿಳಿ ಬಟ್ಟೆಯಿಂದ ಜೋರಾಗಿ ಉಜ್ಜಿ ನೋಡಿದರೆ ಸಾಕು. ನಾನು ಒಮ್ಮೆ ಸೋಮಾರಿತನ ಮಾಡಿದೆ. ಮೊದಲ ಒಗೆತಕ್ಕೇ ಅವ್ವನ ಬಿಳಿ ಸೀರೆಯ ತುಂಡುಗಳೆಲ್ಲ ಗುಲಾಬಿ ಆದವು. ಆ ಸೀರೆ ಮತ್ತೆ ಸಿಗುವುದಿಲ್ಲ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಲೆಕ್ಕ ಸುಲಭ. ಮಾಮೂಲಿ ಸೀರೆ ಐದೂವರೆ ಮೀಟರ್, ಅಂದರೆ ಸುಮಾರು 18 ಅಡಿ. ಆರಾರು ಅಡಿಗೆ ಕತ್ತರಿಸಿದರೆ ಮೂರು ತುಂಡು. ಒಂದರ ಮೇಲೊಂದು ಹಾಸಿದರೆ ಒಬ್ಬರು ಹೊದೆಯುವ ಕೌದಿಗೆ ಮೂರು ಪದರ ಒಂದೇ ಸೀರೆಯಲ್ಲಿ ಆಯಿತು. ಇಬ್ಬರಿಗೆ ಬೇಕಾದರೆ ಎರಡು ಸೀರೆ, ಅಗಲಕ್ಕೆ ಜೋಡಿಸಿಕೊಳ್ಳಿ. ಬಣ್ಣದ ತುಂಡುಗಳು ಇದರ ಮೇಲೆ. ಬೆಂಗಳೂರಿನ ಚಳಿಗೆ ಇಷ್ಟು ಧಾರಾಳ. ಐದು ಪದರ ದಾಟಿದರೆ ಬೆರಳು ನೋಯುತ್ತದೆ, ಹೊಲಿಗೆಯೂ ದೊಡ್ಡದಾಗುತ್ತದೆ.

ಈಗ ಉಬ್ಬುವ ವಿಷಯ. ಇದಕ್ಕೆ ನನಗೆ ಗೊತ್ತಿರುವ ದಾರಿ ಎರಡು.

ಒಂದು, ಕಚ್ಚಾ ಹೊಲಿಗೆ. ಅಂದರೆ ಪದರಗಳು ಸರಿಯದಂತೆ ಮೊದಲು ಹಾಕಿ, ಕೈಹೊಲಿಗೆ ಮುಗಿದ ಮೇಲೆ ಬಿಚ್ಚಿ ತೆಗೆಯುವ ಹೊಲಿಗೆ. ನೆಲ ಒರೆಸಿ ಒಣಗಿಸಿ ಕೆಳಗಿನ ಬಟ್ಟೆ ಹಾಸುತ್ತೇನೆ. ಅಂಚನ್ನು ಟೇಪಿನಿಂದ ನೆಲಕ್ಕೆ ಅಂಟಿಸುತ್ತೇನೆ. ಎಳೆದು ಬಿಗಿ ಮಾಡಬಾರದು, ಸುಕ್ಕು ಹೋದರೆ ಸಾಕು. ಮೇಲೆ ಒಂದೊಂದೇ ಪದರ ಹಾಸಿ, ಪ್ರತಿಸಲ ಅಂಗೈಯಿಂದ ನಡುವಿನಿಂದ ಹೊರಗೆ ಸವರುತ್ತೇನೆ. ಆಮೇಲೆ ಬೇರೆ ಬಣ್ಣದ ದಾರದಿಂದ ಉದ್ದುದ್ದ ಹೊಲಿಗೆ. ಮಧ್ಯದಿಂದ ಶುರು, ನಾಲ್ಕೂ ದಿಕ್ಕಿಗೆ, ಒಂದು ಗೇಣಿಗೆ ಒಂದು ಸಾಲು. ಹೆಚ್ಚಿನ ಬಟ್ಟೆ ಇದ್ದರೆ ಅಂಚಿಗೆ ಬಂದು ಬೀಳುತ್ತದೆ. ಅಲ್ಲಿ ಮಡಚಿದರಾಯಿತು. ಈ ಕೆಲಸಕ್ಕೆ ಒಂದು ಮಧ್ಯಾಹ್ನ ಪೂರ್ತಿ ಹೋಗುತ್ತದೆ. ಹೋಗಲಿ ಬಿಡಿ, ಬಿಚ್ಚುವುದಕ್ಕೆ ಹೋಗುವ ವಾರಕ್ಕಿಂತ ವಾಸಿ.

ಎರಡನೆಯದು ಸಿದ್ಧಿ ಹೆಂಗಸರ ಪದ್ಧತಿ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆ ಸಿದ್ಧಿ ಜನ ಇದ್ದಾರೆ. ಅವರ ಹಿರಿಯರು ಆಫ್ರಿಕಾದಿಂದ ಬಂದವರು. ಅವರು ಕೌದಿಯನ್ನು ಕವಂದಿ ಅನ್ನುತ್ತಾರೆ. ಯಲ್ಲಾಪುರದ ಹತ್ತಿರ ಒಬ್ಬ ಸಿದ್ಧಿ ಅಜ್ಜಿಯ ಪಕ್ಕ ಕುಳಿತು ನೋಡಿದಾಗ ನನಗೆ ಆಶ್ಚರ್ಯವಾಯಿತು. ಅವರು ಅಂಚಿನಿಂದಲೇ ಶುರು ಮಾಡಿದರು! ಮೂಲೆಯಿಂದ ಹೊರಟು ಸುತ್ತ ಸುತ್ತ ಹೊಲಿಯುತ್ತಾ ಒಳಗೆ ಬರುತ್ತಾರೆ. ಮಧ್ಯದಲ್ಲಿ ಮುಗಿಯುತ್ತದೆ. ನಾನು ಕೆಟ್ಟಿದ್ದು ಹೀಗೇ ಮಾಡಿ ಅಲ್ವಾ, ಅವರದು ಯಾಕೆ ಉಬ್ಬುವುದಿಲ್ಲ?

ನೋಡುತ್ತಾ ಕುಳಿತಾಗ ಉತ್ತರ ಸಿಕ್ಕಿತು. ನಾನು ಮೇಲಿನ ಹಾಸನ್ನು ಮೊದಲೇ ಜೋಡಿಸಿ ಮುಗಿಸಿದ್ದೆ. ಅವರು ಹಾಗೆ ಮಾಡುವುದಿಲ್ಲ. ತುಂಡನ್ನು ಅಲ್ಲೇ ಇಟ್ಟು, ಅಂಚನ್ನು ಬೆರಳಿನಲ್ಲೇ ಒಳಗೆ ಮಡಚಿ, ಅಲ್ಲೇ ಹೊಲಿಯುತ್ತಾರೆ. ಮುಂದಿನ ತುಂಡು ಹಿಂದಿನದರ ಪಕ್ಕ ಕೂರುತ್ತದೆ. ಬಟ್ಟೆ ಸ್ವಲ್ಪ ಸರಿದಿದ್ದರೆ ಮುಂದಿನ ತುಂಡನ್ನು ಅದಕ್ಕೆ ತಕ್ಕಂತೆ ಇಡುತ್ತಾರೆ. ಎಡಗೈ ಒಂದು ಕ್ಷಣವೂ ಸುಮ್ಮನಿರುವುದಿಲ್ಲ, ಸವರುತ್ತಲೇ ಇರುತ್ತದೆ. ಅಳತೆಪಟ್ಟಿ ಇಲ್ಲ, ಪೆನ್ಸಿಲ್ ಗೆರೆ ಇಲ್ಲ. ಕೊನೆಗೆ ನಾಲ್ಕು ಮೂಲೆಗೆ ಮಡಚಿದ ಬಟ್ಟೆಯ ಪುಟ್ಟ ಹೂ ಇಡುತ್ತಾರೆ. ಅದಿಲ್ಲದೆ ಕವಂದಿ ಪೂರ್ತಿ ಆದಂತಲ್ಲ. ನನಗೆ ಈಗ ಇದೇ ದಾರಿ ಇಷ್ಟ. ಆದರೆ ಮೊದಲ ಕೌದಿಗೇ ಇದನ್ನು ಹಿಡಿಯಬೇಡಿ, ಕೈಗೆ ಬಟ್ಟೆಯ ಗುಣ ಗೊತ್ತಾಗಲು ಸ್ವಲ್ಪ ಸಮಯ ಬೇಕು. ಕಚ್ಚಾ ಹೊಲಿಗೆಯಿಂದ ಶುರು ಮಾಡಿ.

ದಾರ ದಪ್ಪ ಹತ್ತಿಯದು, ಮೊಳಕ್ಕಿಂತ ಸ್ವಲ್ಪ ಉದ್ದ ಸಾಕು. ಜಾಸ್ತಿ ತೆಗೆದುಕೊಂಡರೆ ಗಂಟಾಗುತ್ತದೆ, ಎಳೆದೂ ಎಳೆದೂ ಸವೆಯುತ್ತದೆ. ದಾರವನ್ನು ಒಮ್ಮೆ ಮೇಣದಬತ್ತಿಯ ಮೇಲೆ ಎಳೆದುಕೊಂಡರೆ ಸಿಕ್ಕಾಗುವುದು ಕಡಿಮೆ. ಗಂಟನ್ನು ಪದರಗಳ ನಡುವೆ ಅಡಗಿಸಿ. ಹೊಲಿಗೆ ಅಕ್ಕಿ ಕಾಳಿನಷ್ಟು, ಸಾಲಿಂದ ಸಾಲಿಗೆ ಒಂದು ಬೆರಳು. ಸೂಜಿ ಸಿಕ್ಕಿಕೊಂಡಾಗ ಹಲ್ಲಿನಿಂದ ಎಳೆಯಬೇಡಿ. ಒಡೆದ ಬಲೂನಿನ ತುಂಡಿನಿಂದ ಹಿಡಿದು ಎಳೆದರೆ ಜಾರದೆ ಬರುತ್ತದೆ. ದಿನಕ್ಕೆ ಒಂದು ಗಂಟೆ ಕುಳಿತರೆ ನನಗೆ ಒಂದು ಕೌದಿಗೆ ಎರಡು ತಿಂಗಳು ಹಿಡಿಯುತ್ತದೆ.

ಒಗೆದ ಮೇಲೆ ಕೌದಿ ತುಂಬಾ ಭಾರ. ಒಂದೇ ಹಗ್ಗದ ಮೇಲೆ ಹಾಕಿದರೆ ಆ ಭಾರಕ್ಕೆ ಹೊಲಿಗೆ ಜಗ್ಗುತ್ತದೆ. ಎರಡು ಹಗ್ಗಕ್ಕೆ ಅಡ್ಡವಾಗಿ ಹರಡಿ ಬಿಸಿಲಿಗೆ ಹಾಕುತ್ತೇನೆ. ಎಲ್ಲಾದರೂ ಹರಿದಿದ್ದರೆ ಅದನ್ನು ಬಿಚ್ಚುವುದಿಲ್ಲ, ಅದರ ಮೇಲೇ ಇನ್ನೊಂದು ತುಂಡು ಇಟ್ಟು ಹೊಲಿಯುತ್ತೇನೆ. ಅವ್ವ ಹೊಲಿದ ಕೌದಿ ಒಂದು ನನ್ನ ಹತ್ತಿರ ಇದೆ. ಅದರ ಒಂದು ಮೂಲೆಯಲ್ಲಿ ಈಗ ನನ್ನ ಮಗಳ ಪುಟ್ಟ ಲಂಗದ ಹಸಿರು ಚೌಕ ಕೂತಿದೆ.