ಮುಯ್ಯಿ ಪುಸ್ತಕವನ್ನು ಓದುವ ಬಗೆ

ಹಳೆ ಮೈಸೂರು ಸೀಮೆಯ ಮದುವೆ ಮನೆಗಳಲ್ಲಿ ಯಾರು ಎಷ್ಟು ಮುಯ್ಯಿ (ಮುಂದೆ ಹಿಂತಿರುಗಿಸಬೇಕಾದ ಉಡುಗೊರೆ) ಮಾಡಿದರೆಂದು ಬರೆದಿಡುವ ಪುಸ್ತಕವನ್ನು ಬರಿಯ ಲೆಕ್ಕವೆಂದು ಭಾವಿಸದೆ, ಸಮಾಜವು ಮನುಷ್ಯರನ್ನು ತಿದ್ದುತ್ತಾ ತಾನೂ ಮುಂದುವರಿಯುವ ಬಗೆಯ ದಾಖಲೆಯೆಂದು ಓದಬೇಕು. ಮೊದಲು ನಿಮ್ಮ ಮನೆಯ ಎರಡು ತಲೆಮಾರುಗಳ ಪುಸ್ತಕಗಳನ್ನು ಅಕ್ಕಪಕ್ಕ ಇಟ್ಟು, ಎರಡರಲ್ಲೂ ಬರುವ ಮನೆತನಗಳನ್ನು ಗುರುತು ಹಾಕಿಕೊಳ್ಳಿ. ಅಜ್ಜನಿಗೆ ಬಂದ ಮುಯ್ಯಿಯನ್ನು ಮೊಮ್ಮಗ ತೀರಿಸಿದ್ದರೆ, ಆ ಋಣ ವ್ಯಕ್ತಿಯದಲ್ಲ, ಮನೆಯದು ಎಂಬುದು ತಿಳಿಯುತ್ತದೆ. ಬಂದದ್ದಕ್ಕಿಂತ ತುಸು ಹೆಚ್ಚು ಹಿಂತಿರುಗಿಸಿದ್ದರೆ, ಕೊಡುಕೊಳ್ಳುವಿಕೆ ಅಲ್ಲಿಗೇ ಮುಗಿಯದಿರಲೆಂಬ ಎಚ್ಚರವೂ ಕಾಣುತ್ತದೆ.

ಅನಂತರ ಪುಸ್ತಕದಲ್ಲಿ ಇಲ್ಲದವರನ್ನು ಹುಡುಕಿ: ಚಪ್ಪರ ಹಾಕಿದವರು, ತಮಟೆ ಬಡಿದವರು, ಪಾತ್ರೆ ತೊಳೆದವರು. ನನ್ನ ಮಟ್ಟಿಗೆ ಈ ಗೈರುಹಾಜರಿಯೇ ಹೆಚ್ಚು ಮಹತ್ವದ್ದು, ಏಕೆಂದರೆ ಯಾರೊಡನೆ ಸಮನಾಗಿ ಕೊಟ್ಟು ತೆಗೆದುಕೊಳ್ಳಬಹುದೆಂಬುದನ್ನು ಬಹುಮಟ್ಟಿಗೆ ಜಾತಿಯೇ ನಿರ್ಧರಿಸುತ್ತಿತ್ತು. ಒಬ್ಬರ ಹೊಲದಲ್ಲಿ ಇನ್ನೊಬ್ಬರು ಕೂಲಿಯಿಲ್ಲದೆ ಸರದಿಯಂತೆ ದುಡಿಯುವ ಮುಯ್ಯಾಳಿನ ಲೆಕ್ಕ ಸಾಮಾನ್ಯವಾಗಿ ಕಾಗದದಲ್ಲಿ ಸಿಗುವುದಿಲ್ಲ. ಅದನ್ನು ನಾಟಿಗೆ ಹೋಗುತ್ತಿದ್ದ ಹಿರಿಯ ಹೆಂಗಸರನ್ನು ಕೇಳಿಯೇ ತಿಳಿಯಬೇಕು.

ಬರೆದುಕೊಂಡದ್ದರ ಪ್ರತಿಗಳನ್ನು ಒಂದೇ ಕಡೆ ಇಡಬೇಡಿ. 1948ರಲ್ಲಿ ಮೈಸೂರು ಬಳಿಯ ಹಳ್ಳಿಯೊಂದರಲ್ಲಿದ್ದು ಅಧ್ಯಯನ ಮಾಡಿದ ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸರು ಪರಿಷ್ಕರಿಸಿಟ್ಟಿದ್ದ ಟಿಪ್ಪಣಿಗಳ ಮೂರೂ ಪ್ರತಿಗಳು 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಒಂದೇ ಬೆಂಕಿಗೆ ಸಿಕ್ಕಿದ್ದವು.