ಮೀಸೆ, ಮಾಸ್ಕ್ ಮತ್ತು ಪ್ಲಾಯಾ ಪಿಸ್ಕಾಡೋದ ಆಮೆಗಳು

ಸಮುದ್ರದಲ್ಲಿ ತೇಲುತ್ತಾ ಆಮೆ ನೋಡಲು ಕಣ್ಣು ಮೂಗಿಗೆ ಹಾಕಿಕೊಂಡ ಗಾಜಿನ ಮಾಸ್ಕಿನೊಳಗೆ ನೀರು ನುಗ್ಗುತ್ತಿದ್ದದ್ದು ನನ್ನ ಮೀಸೆಯಿಂದ. ಇದು ಗೊತ್ತಾಗಲು ಎರಡು ದಿನ ಬೇಕಾಯಿತು. ಅಷ್ಟರಲ್ಲಿ ಮಾಸ್ಕ್ ಸರಿ ಇಲ್ಲ ಅಂತ ಬೈದು, ಪಟ್ಟಿ ಬಿಗಿ ಮಾಡಿ ಮಾಡಿ ಹಣೆಯ ಮೇಲೆ ಬರೆ ಬಂದಿತ್ತು.

ನಾವಿರುವುದು ನೆದರ್ಲ್ಯಾಂಡ್ಸಿನ ಐಂಡ್‌ಹೋವನ್‌ನಲ್ಲಿ. ಅಲ್ಲಿನ ಚಳಿಗಾಲ ಸಾಕಾಗಿ ಹೋದವರು ಆಮ್ಸ್ಟರ್‌ಡ್ಯಾಮಿನಿಂದ ಸೀದಾ ವಿಮಾನ ಹತ್ತುವುದು ಕೆರಿಬಿಯನ್ ಸಮುದ್ರದ ಕ್ಯುರಸಾವ್ ದ್ವೀಪಕ್ಕೆ. ಸುಮಾರು ಹತ್ತು ಗಂಟೆ ಪ್ರಯಾಣ. ವೆನೆಜುವೆಲಾದಿಂದ ಬರೀ 65 ಕಿಲೋಮೀಟರ್ ದೂರ ಇದ್ದರೂ ಇದು ಡಚ್ ರಾಜ್ಯಕ್ಕೆ ಸೇರಿದ್ದು. 2010ರಿಂದ ಅದರೊಳಗೇ ಸ್ವಂತ ಆಡಳಿತ ಇಟ್ಟುಕೊಂಡಿದೆ. ಜನ ಆಡುವುದು ಪಾಪಿಯಾಮೆಂಟು. ಪೋರ್ಚುಗೀಸ್, ಸ್ಪ್ಯಾನಿಷ್, ಡಚ್ ಎಲ್ಲ ಕಲಸಿದ ಭಾಷೆ. ಬೆಳಿಗ್ಗೆ ಸಿಕ್ಕಿದವರಿಗೆ ‘ಬೊನ್ ದಿಯಾ’ ಅಂದರೆ ಮುಖ ಅರಳುತ್ತದೆ.

ಪ್ಲಾಯಾ ಪಿಸ್ಕಾಡೋ ಇರುವುದು ದ್ವೀಪದ ಪಶ್ಚಿಮ ತುದಿಯ ವೆಸ್ಟ್‌ಪುಂಟ್ ಊರಲ್ಲಿ. ಹೆಸರಿನ ಅರ್ಥ ಮೀನುಗಾರರ ಕಡಲತೀರ. ಪ್ಲಾಯಾ ಗ್ರಾಂಡಿ, ಅಂದರೆ ದೊಡ್ಡ ತೀರ ಅಂತಲೂ ಕರೆಯುತ್ತಾರೆ. ದೊಡ್ಡದೇನೂ ಅಲ್ಲ, ಒಂದು ತುಂಡು ಮರಳು, ನಾಲ್ಕು ದೋಣಿ, ಒಂದು ಜೆಟ್ಟಿ. ರಾಜಧಾನಿ ವಿಲ್ಲೆಮ್‌ಸ್ಟಾಡಿನಿಂದ ಕಾರಿನಲ್ಲಿ ಮುಕ್ಕಾಲು ಗಂಟೆ. ದಾರಿಯಲ್ಲಿ ಆಳೆತ್ತರದ ಕಳ್ಳಿ, ಆಡುಗಳು. ಕೆರಿಬಿಯನ್ ಅಂದರೆ ಹಸಿರೋ ಹಸಿರು ಅಂದುಕೊಂಡಿದ್ದ ನನಗೆ ಚಿತ್ರದುರ್ಗದ ಕಡೆ ಹೋದ ಹಾಗಾಯಿತು.

ಮೊದಲ ದಿನ ನಾವು ಹೋಗಿದ್ದೇ ತಪ್ಪು ಹೊತ್ತಿಗೆ. ಮಧ್ಯಾಹ್ನ ಎರಡು ಗಂಟೆ. ನೀರಿನಲ್ಲಿ ಕಾಲುಗಳೇ ಕಾಲುಗಳು. ಆಮೆಗಿಂತ ಫಿನ್ಸ್, ಅಂದರೆ ಈಜಲು ಕಾಲಿಗೆ ಹಾಕುವ ರಬ್ಬರ್ ರೆಕ್ಕೆ, ಜಾಸ್ತಿ. ಯಾರೋ ಒದ್ದರು, ಮಾಸ್ಕ್ ಸರಿಯಿತು, ಎರಡು ಗುಟುಕು ಉಪ್ಪುನೀರು ಕುಡಿದು ದಡಕ್ಕೆ ಓಡಿದೆ. ನಾನು ಹೊನ್ನಾವರದವನು ಅಂತ ಹೇಳಿಕೊಳ್ಳಲೂ ನಾಚಿಕೆ. ಸಮುದ್ರದ ಪಕ್ಕ ಬೆಳೆದರೂ ಈಜು ಕಲಿತದ್ದು ನಲವತ್ತು ದಾಟಿದ ಮೇಲೆ, ಡಚ್ಚರ ಈಜುಕೊಳದಲ್ಲಿ, ಏಳು ವರ್ಷದ ಮಕ್ಕಳ ಪಕ್ಕದ ಲೇನಿನಲ್ಲಿ.

ಬಾಡಿಗೆ ಸಾಮಾನು ಕೊಡುವ ಹುಡುಗ ನನ್ನ ಮುಖವನ್ನೇ ನೋಡಿ ನಕ್ಕ. ಮೂಗಿನ ಕೆಳಗೆ ಬೆರಳಿಟ್ಟು ತೋರಿಸಿದ. ಮಾಸ್ಕಿನ ಸಿಲಿಕೋನ್ ಅಂಚು ಚರ್ಮಕ್ಕೆ ಅಂಟಬೇಕು. ನಡುವೆ ಕೂದಲಿದ್ದರೆ ಅಲ್ಲಿಂದ ನೀರು ಜಿನುಗುತ್ತದೆ. ಆ ರಾತ್ರಿ ಮೀಸೆಯನ್ನು ಪೂರ್ತಿ ತೆಗೆಯಲಿಲ್ಲ. ಮೂಗಿನ ಬುಡದಲ್ಲಿ ಅರ್ಧ ಬೆರಳಗಲ ಮಾತ್ರ ಬೋಳಿಸಿದೆ. ‘ರೀ, ಹಳೇ ಸಿನಿಮಾದ ಮ್ಯಾನೇಜರ್ ಥರ ಕಾಣ್ತೀರಿ’ ಅಂದಳು ಹೆಂಡತಿ. ಇರಲಿ ಬಿಡಿ. ಮಾರನೇ ದಿನ ಒಂದು ಹನಿ ನೀರು ಒಳಗೆ ಬರಲಿಲ್ಲ.

ಮತ್ತೆರಡು ವಿಷಯ ಹೊರಡುವ ಮೊದಲೇ ನೋಡಿಕೊಂಡಿದ್ದೆ. ನನಗೆ ಕನ್ನಡಕ ಬೇಕು, ಅದನ್ನು ಹಾಕಿ ಮಾಸ್ಕ್ ಹಾಕಲಾಗುವುದಿಲ್ಲ. ಹಾಗಾಗಿ ಪವರ್ ಇರುವ ಗಾಜಿನ ಮಾಸ್ಕನ್ನೇ ಕೊಂಡಿದ್ದೆ. ಸನ್‌ಸ್ಕ್ರೀನ್ ಬದಲು ತೋಳು ಪೂರ್ತಿ ಮುಚ್ಚುವ ಈಜು ಅಂಗಿ ತಂದಿದ್ದೆ, ಸನ್‌ಸ್ಕ್ರೀನಿನ ಕೆಲವು ರಾಸಾಯನಿಕ ಹವಳಕ್ಕೆ ಒಳ್ಳೆಯದಲ್ಲ. ಕಾಲಿನ ಹಿಂಭಾಗವನ್ನು ಮಾತ್ರ ಮರೆತೆ. ಒಂದೂವರೆ ಗಂಟೆ ಬೋರಲು ತೇಲಿದರೆ ಬಿಸಿಲು ಬೀಳುವುದೇ ಅಲ್ಲಿಗೆ. ನಾಲ್ಕು ದಿನ ಮೀನಖಂಡ ಹುರಿದ ಮೀನಿನ ಖಂಡವೇ ಆಗಿತ್ತು.

ಮೂರನೇ ದಿನ ಬೆಳಿಗ್ಗೆ ಏಳೂವರೆಗೆ ಅಲ್ಲಿದ್ದೆವು. ಮೊದಲು ಸೊಂಟದ ಮಟ್ಟದ ನೀರಲ್ಲಿ ನಿಂತು ಅಭ್ಯಾಸ. ಗಾಜಿನ ಒಳಗೆ ಉಗುಳಿ ಉಜ್ಜಿ, ತೊಳೆದು ಹಾಕಿಕೊಂಡರೆ ಮಂಜು ಕಟ್ಟುವುದಿಲ್ಲ. ಗಲೀಜು ಅನ್ನಿಸಿದರೂ ಕೆಲಸ ಮಾಡುತ್ತದೆ. ನೀರು ಹೊಕ್ಕರೆ ಮಾಸ್ಕಿನ ಮೇಲಂಚು ಒತ್ತಿ ಹಿಡಿದು ಮೂಗಿನಿಂದ ಜೋರಾಗಿ ಊದುವುದು. ಬಾಯಲ್ಲಿಟ್ಟು ಉಸಿರಾಡುವ ಸ್ನಾರ್ಕೆಲ್ ಕೊಳವೆಗೆ ಹೊಕ್ಕರೆ ‘ಥೂ’ ಅಂತ ಒಂದೇ ಊದು. ಇದನ್ನು ಹತ್ತು ಸಲ ಮಾಡಿದ ಮೇಲೆ ಎದೆ ಹೊಡೆದುಕೊಳ್ಳುವುದು ನಿಂತಿತು.

ಜೆಟ್ಟಿಯ ಮೇಲೆ ಮೀನುಗಾರರೊಬ್ಬರು ಮೀನು ಕೊಯ್ಯುತ್ತಿದ್ದರು. ಕರುಳು, ಚರ್ಮ, ಚೂರುಪಾರು ನೀರಿಗೆ. ಆ ವಾಸನೆಗೆ ನನಗೆ ಊರಿನ ಬಂದರು ನೆನಪಾಯಿತು. ಆಮೆಗಳು ಬರುವುದೇ ಇದಕ್ಕೆ. ಹಸಿರು ಕಡಲಾಮೆ ದೊಡ್ಡದಾದ ಮೇಲೆ ಮುಖ್ಯವಾಗಿ ತಿನ್ನುವುದು ಕಡಲಹುಲ್ಲು, ಪಾಚಿ. ಇಲ್ಲಿ ಪುಕ್ಕಟೆ ಮೀನು ಸಿಗುತ್ತದೆ ಅಂತ ರೂಢಿಯಾಗಿದೆ. ಇದು ಪೂರ್ತಿ ಸಹಜ ಅಂತ ನಾನೇನೂ ಹೇಳುವುದಿಲ್ಲ. ದೇವಸ್ಥಾನದ ಮುಂದೆ ಕೋತಿ ಸೇರುವ ಥರವೇ. ಆದರೆ ಮೀನುಗಾರರು ತಮ್ಮ ಕೆಲಸ ಮಾಡುತ್ತಿದ್ದಾರೆ, ನಾವು ನೋಡಲು ಬಂದವರು. ನಾವೂ ತಿನ್ನಿಸಲು ಹೋಗಬಾರದು, ಅಷ್ಟೇ.

ನಾನು ಜೆಟ್ಟಿಯಿಂದ, ದೋಣಿ ಬರುವ ದಾರಿಯಿಂದ ದೂರ ಉಳಿದೆ. ಕೈ ಎದೆಗೆ ಕಟ್ಟಿ, ಬೆಂಡಿನ ಹಾಗೆ ಸುಮ್ನೆ ತೇಲಿದೆ. ಹಿಂದೆ ಬಿದ್ದರೆ ಆಮೆ ಎರಡು ಸಲ ಕಾಲು ಬೀಸಿ ಮಾಯವಾಗುತ್ತದೆ, ನಮಗೆ ಏದುಸಿರು ಉಳಿಯುತ್ತದೆ. ಅಲ್ಲಾಡದೆ ಇದ್ದರೆ ಅದೇ ಬರುತ್ತದೆ. ಬಂತು. ದೋಣಿಯ ಹುಟ್ಟಿನಂಥ ಮುಂಗಾಲು, ಕತ್ತಿನಲ್ಲಿ ಮಡಿಕೆ ಮಡಿಕೆ ಚರ್ಮ, ಕೆಳದವಡೆಯ ಅಂಚು ಗರಗಸದ ಹಾಗೆ. ಚಿಪ್ಪು ಹಸಿರಲ್ಲ, ಕಂದು. ಹಸಿರಿರುವುದು ಒಳಗಿನ ಕೊಬ್ಬು, ಹೆಸರು ಬಂದದ್ದು ಅದರಿಂದ. ಕಣ್ಣುಗಳ ನಡುವೆ, ಮೂಗಿನ ಮೇಲ್ಗಡೆ, ಉದ್ದನೆಯ ಎರಡೇ ಹುರುಪೆ. ಅಲ್ಲಿ ನಾಲ್ಕಿದ್ದಿದ್ದರೆ ಬೇರೆ ಜಾತಿ ಅನ್ನುತ್ತಿದ್ದೆ. ನೀರೊಳಗೆ ಎಲ್ಲವೂ ದೊಡ್ಡದಾಗಿ, ಹತ್ತಿರ ಕಾಣುತ್ತದೆ ಅಂತ ಗೊತ್ತಿದ್ದೂ ಹೊಟ್ಟೆ ಒಳಗೆ ಎಳೆದುಕೊಂಡೆ.

ಅದು ನನ್ನ ಪಕ್ಕದಲ್ಲೇ ಮೇಲೆ ಹೋಗಿ ಮೂತಿ ಹೊರಗಿಟ್ಟಿತು. ಫುಸ್ ಅಂತ ಉಸಿರು ಬಿಟ್ಟು, ಒಂದು ಗುಟುಕು ಗಾಳಿ ಎಳೆದು ಮತ್ತೆ ಕೆಳಗೆ. ನನ್ನ ಕೊಳವೆಯಲ್ಲೂ ಅದೇ ಫುಸ್.

ಸಂಜೆ ಅಮ್ಮನಿಗೆ ವಿಡಿಯೋ ಕಳಿಸಿದೆ. ‘ಅದ್ನ ನೋಡೋಕೆ ಅಷ್ಟು ದೂರ ಹೋಗ್ಬೇಕಿತ್ತಾ? ಕಾಸರಕೋಡಲ್ಲೇ ಬರ್ತದಲ್ಲ’ ಅಂದರು. ಕಾಸರಕೋಡು ನಮ್ಮ ಹೊನ್ನಾವರದ ಪಕ್ಕದ್ದೇ, ಮಾತು ಸರಿಯೇ. ಆದರೆ ಅಲ್ಲಿ ಬರುವುದು ಆಲಿವ್ ರಿಡ್ಲಿ ಅನ್ನುವ ಬೇರೆ ಜಾತಿಯ ಕಡಲಾಮೆ, ಅದೂ ರಾತ್ರಿ ಮೊಟ್ಟೆ ಇಡಲು. ನಾವು ನೋಡಿದ್ದೆಲ್ಲ ಬೆಳಿಗ್ಗೆ ಮರಳಿನ ಮೇಲಿನ ಗುರುತು, ಅರಣ್ಯ ಇಲಾಖೆಯವರು ಗೂಡಿಗೆ ಹಾಕಿದ ಬೇಲಿ. ಅದು ಈಜುವುದನ್ನು ಅಮ್ಮನೂ ನೋಡಿಲ್ಲ.

ಅವತ್ತು ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಪ್ರವಾಸಿ ಕಾರುಗಳು ಶುರುವಾದವು. ಮೀನುಗಾರರು ಚೂರಿ ಒರೆಸಿದರು, ಒಂದು ಬಕೆಟ್ ನೀರು ಸುರಿದು ಜಾಗ ತೊಳೆದರು, ಮೀನು ಎತ್ತಿಕೊಂಡು ಹೊರಟರು. ಐದು ನಿಮಿಷದಲ್ಲಿ ಆ ನೀರಲ್ಲಿ ಮನುಷ್ಯರು ಮಾತ್ರ ಉಳಿದಿದ್ದೆವು.